ಮೊದಲು ಗುಡಿಸು, ಆಮೇಲೆ ದೀರ್ಘ

ಪ್ರೀತಿಯ ಅತ್ಯಾರೇ,

ಮದುವೆಯಾದ ಹೊಸದರಲ್ಲಿ ನಮ್ಮ ಮೈಸೂರಿನ ರೂಢಿಯಂತೆ ನಿಮ್ಮನ್ನು ‘ಅತ್ತೆ’ ಎಂದು ಕರೆದಾಗ ನೀವು ಮೂಗು ಮುರಿದದ್ದು ನೆನಪಿದೆಯೇ? “ಅತ್ತೆ ಅಂದ್ರ ಪುಸ್ತಕದಾಗ ಓದಿದಂಗ ಆಗ್ತೈತಿ. ಅತ್ಯಾರ ಅನ್ನು,” ಅಂದಿರಿ. ನಾನು ಹಟಕ್ಕೆ ಬಿದ್ದು ಕೊನೆಯವರೆಗೂ ‘ಅತ್ತೆ’ ಎಂದೇ ಕರೆದೆ. ಹ್ಯೂಸ್ಟನ್ ಹತ್ತಿರದ ಫುಲ್‌ಶೀರ್‌ನ ನಿಮ್ಮ ಅಡುಗೆಮನೆಯಲ್ಲಿ ನೀವು ತಿದ್ದುವುದು, ನಾನು ತಿದ್ದಿಕೊಳ್ಳದೇ ಇರುವುದು ನಮ್ಮಿಬ್ಬರ ಆಟವೇ ಆಗಿಬಿಟ್ಟಿತ್ತು. ಇವತ್ತು ಮಾತ್ರ ನೀವು ಹೇಳಿದ ಹಾಗೆಯೇ ಕರೆಯಬೇಕು ಅನ್ನಿಸಿದೆ. ಯಾಕೆ ಅನ್ನುವುದಕ್ಕೆ ಒಂದು ಕತೆಯಿದೆ. ಕೂತುಕೊಳ್ಳಿ, ಸ್ವಲ್ಪ ಉದ್ದವಾಗುತ್ತದೆ.

ಪಕ್ಕದೂರು ಕೇಟಿಯಲ್ಲಿದ್ದ ನಿಮ್ಮ ಔಷಧಿ ಅಂಗಡಿಯಲ್ಲಿ, ಕೌಂಟರಿನ ಹಿಂದೆ ಬಿಳಿ ಕೋಟು ತೊಟ್ಟು ನಿಂತ ನಿಮ್ಮನ್ನು ಮೊದಲ ಸಲ ಕಂಡಾಗ ನನಗೆ ಹೆದರಿಕೆಯೇ ಆಗಿತ್ತು. ಮಾತ್ರೆ ಕೊಳ್ಳಲು ಬಂದವರಿಗೆ ಇಂಗ್ಲಿಷಿನಲ್ಲೋ, ಅಲ್ಪಸ್ವಲ್ಪ ಸ್ಪ್ಯಾನಿಷಿನಲ್ಲೋ, ನಮ್ಮವರಾದರೆ ಧಾರವಾಡದ ಕನ್ನಡದಲ್ಲೋ ಎಲ್ಲ ವಿವರಿಸಿ, ಕೊನೆಗೆ ನೀರು ಚೆನ್ನಾಗಿ ಕುಡಿಯಬೇಕು ಎಂದು ಬೆರಳು ತೋರಿಸಿ ಎಚ್ಚರಿಸುತ್ತಿದ್ದಿರಿ. ಮನೆಯವರಿಗೂ ಅದೇ ಔಷಧಿ. ಸಂಜೆ ದೂರದ ಊರು ಲಿಯಾಂಡರ್‌ನ ನಮ್ಮ ಮನೆಗೆ ಫೋನ್ ಮಾಡಿದರೆ ಮಗನಿಗೆ ನಿಮ್ಮ ಮೊದಲ ಪ್ರಶ್ನೆ, “ನೀರು ಕುಡದಿ ಇಲ್ಲೋ?” ಗಿರೀಶ್ ಲ್ಯಾಪ್‌ಟಾಪಿನಿಂದ ತಲೆಯನ್ನೂ ಎತ್ತದೆ, “ಕುಡೀತೇನಿ ತಡಿ ಬೇ,” ಅನ್ನುತ್ತಿದ್ದರು. ಕುಡಿಯುತ್ತಿರಲಿಲ್ಲ. ನಾನು ತಂದಿಟ್ಟ ಲೋಟ ಮೇಜಿನ ಮೇಲೆ ಹಾಗೇ ಉಳಿಯುತ್ತಿತ್ತು. ನೀವು ಹ್ಯೂಸ್ಟನ್‌ನ ಆಸ್ಪತ್ರೆಯಿಂದ ಮನೆಗೆ ಮರಳದೇ ಹೋದ ಮೇಲೆ ಆ ಫೋನ್ ನಿಂತಿತು. ನೀವು ಕಳಿಸಿದ್ದ ವಾಯ್ಸ್ ಮೆಸೇಜುಗಳು ಅವರ ಫೋನಿನಲ್ಲಿ ಇನ್ನೂ ಇವೆ. ಒಂದನ್ನೂ ಅವರು ಹಾಕಿ ಕೇಳಿಲ್ಲ. ಅವ್ವನ ದನಿ ಕೇಳುವ ಧೈರ್ಯ ಬರುತ್ತಿಲ್ಲ ಅನ್ನುತ್ತಾರೆ. ಇವರನ್ನು ಹೇಗೆ ಸಮಾಧಾನ ಮಾಡಲಿ ಎಂದು ಕೇಳಬೇಕಾದದ್ದು ನಿಮ್ಮನ್ನೇ. ಆದರೆ ನೀವು...

ಮೊಮ್ಮಗಳು ತನ್ವಿ ನಿಮ್ಮ ಮಡಿಲಲ್ಲಿ ಕೂತು, ನೀವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ದಿನ ನಮ್ಮ ಆ್ಯಪ್ ಹುಟ್ಟಿತು. “ಇಕಿಗೆ ತಿಳೀತೈತಿ, ಬಾಯಿಗೆ ಬರಂಗಿಲ್ಲ. ಗಂಡ ಹೆಂಡ್ತಿ ಇಬ್ರೂ ಕಂಪ್ಯೂಟರ್ ಮಂದಿ ಇದ್ದು ಏನ್ ಮಾಡಾಕತ್ತೀರಿ?” ಎಂದು ನಮ್ಮನ್ನು ತರಾಟೆಗೆ ತೆಗೆದುಕೊಂಡಿರಿ. ಡಲ್ಲಾಸ್‌ನಲ್ಲಿರುವ ಗೆಳೆಯ ಪ್ರಸನ್ನ ಆ್ಯಪ್ ಬರೆಯಲು ಒಪ್ಪಿದ. ಅದನ್ನು ಪರೀಕ್ಷೆ ಮಾಡುವ ಕೆಲಸ ನನ್ನದು, ಹೇಗೂ ನಾನು ಹೊಟ್ಟೆಪಾಡಿಗೆ ಮಾಡುವುದೂ ಅದನ್ನೇ. ಮಕ್ಕಳು ಚಿತ್ರವನ್ನು ಮುಟ್ಟಿದರೆ ಅದರ ಹೆಸರು ಕನ್ನಡದಲ್ಲಿ ಕೇಳಿಸಬೇಕು, ಅಷ್ಟೇ. ದನಿ ನಿಮ್ಮದು. ಪದಗಳ ಪಟ್ಟಿಯನ್ನೂ ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ನೀವೇ ಟೈಪ್ ಮಾಡಿಕೊಟ್ಟಿರಿ. ಬರೀ ಪದ ಹೇಳಿ ನಿಲ್ಲಿಸಿ ಎಂದರೆ ನಿಲ್ಲಿಸುವವರೇ ನೀವು? “ಇಲಿ. ಬೆಕ್ಕು ಬಂತು, ಓಡು!” “ಸೇಬು. ತೊಳದು ತಿನ್ನು.” ಪ್ರತಿ ಪದಕ್ಕೂ ಒಂದು ಬಾಲ. ಬಾಲ ಕತ್ತರಿಸೋಣ ಎಂದು ಪ್ರಸನ್ನ ಅಂದ. ಆಮೇಲೆ ನೋಡೋಣ ಎಂದು ನಾನು ಮುಂದೂಡುತ್ತಲೇ ಬಂದೆ.

ಮಾಕ್ ಎಂದರೇನು ಎಂದು ನಿಮಗೆ ವಿವರಿಸಿದ ಮಧ್ಯಾಹ್ನವಂತೂ ಮರೆಯುವುದಿಲ್ಲ. ನೀವು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಿರಿ, ನಾನು ಎದುರಿಗೆ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಪರೀಕ್ಷೆಯಲ್ಲಿ ಮನುಷ್ಯರ ಬೆರಳಿನ ಬದಲು ಕಂಪ್ಯೂಟರೇ ಫೋನಿನ ಪರದೆಯನ್ನು ಮುಟ್ಟುತ್ತಾ ಹೋಗುತ್ತದೆ, ಪ್ರತಿ ಸಲವೂ ಇಂಟರ್ನೆಟ್ಟಿನಿಂದ ನಿಜವಾದ ದನಿ ತರಿಸುವುದು ಕಷ್ಟ, ಅದಕ್ಕೇ ಆ ಜಾಗದಲ್ಲಿ ಒಂದು ನಕಲಿಯನ್ನು ಕೂರಿಸುತ್ತೇವೆ, ಅದೇ ಮಾಕ್ ಎಂದೆ. ಈ ಪದ ಕೇಳಿದರೆ ಈ ದನಿ ಕೊಡು ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿರುತ್ತೇವೆ, ಹೇಳಿಕೊಡದ್ದನ್ನು ಕೇಳಿದರೆ ಅದಕ್ಕೆ ತೋಚುವುದಿಲ್ಲ ಎಂದೆ. ನೀವು ಸೊಪ್ಪು ಬಿಟ್ಟು ತಲೆ ಎತ್ತಿದಿರಿ. “ಅಂದ್ರ ಹೊಸಾ ಸೊಸಿ ಇದ್ದಂಗ ಆತು. ಹೇಳಿಕೊಟ್ಟಷ್ಟ ಮಾತಾಡೂದು, ಬ್ಯಾರೆ ಏನರೆ ಕೇಳಿದ್ರ ಕಂಬದಂಗ ನಿಂದ್ರೂದು.” ಮತ್ತೆ ಸೊಪ್ಪಿಗೆ ಕೈ ಹಾಕುತ್ತಾ, “ನಿನ್ನಂಗ ಅಲ್ಲ ಬಿಡು. ನೀ ಹೇಳಿಕೊಡದನ ಮಾತಾಡಾಕಿ,” ಅಂದಿರಿ. ನಕ್ಕು ನಕ್ಕು ಸುಸ್ತಾಗಿ ನಾನು ಆ ಮಾಕ್‌ಗೆ ಕೋಡಿನಲ್ಲಿ ‘ಸೊಸಿ’ ಎಂದೇ ಹೆಸರಿಟ್ಟೆ. ಪ್ರಸನ್ನನಿಗೆ ಆ ಹೆಸರು ಇವತ್ತಿಗೂ ಇರುಸುಮುರುಸು.

ಈ ವಾರದ ಶುರುವಿನಲ್ಲಿ ಪ್ರಸನ್ನ ಫೋನ್ ಮಾಡಿದಾಗ ನಾನು ಅನ್ನಕ್ಕಿಡುತ್ತಿದ್ದೆ. ಇಂಥ ನಕಲಿಗಳನ್ನು ಮಾಡಿಕೊಡುವ ಸಿದ್ಧ ಕೋಡಿಗೆ ನಾವು ಲೈಬ್ರರಿ ಅನ್ನುತ್ತೇವೆ. ಅವನು ಅದರ ಹೊಸ ಆವೃತ್ತಿ ಹಾಕಿದ್ದ, ಹಾಗೇ ಸೊಸಿಯನ್ನು ಸ್ವಲ್ಪ ಬಿಗಿ ಮಾಡಿದ್ದ. ಮೊದಲು ಗೊತ್ತಿಲ್ಲದ್ದನ್ನು ಕೇಳಿದರೂ ಸೊಸಿ ಸುಮ್ಮನೆ ತಲೆಯಾಡಿಸುತ್ತಿದ್ದಳು, ಪರೀಕ್ಷೆ ಪಾಸಾಗುತ್ತಿತ್ತು. ಈಗ ‘ನೋ ಆನ್ಸರ್ ಫೌಂಡ್’ ಎಂದು ಕೆಂಪು ಅಕ್ಷರದಲ್ಲಿ ಬರೆದು ಅಲ್ಲೇ ನಿಂತುಬಿಡುತ್ತಾಳೆ. ಉತ್ತರ ಸಿಗಲಿಲ್ಲ, ಅಂತ. ಆ ಸಾಲು ಓದಿದಾಗ ನನ್ನ ಕಣ್ಣು ತುಂಬಿಕೊಂಡಿತು, ಕಾರಣ ನಿಮಗೆ ಹೇಳಬೇಕಾಗಿಲ್ಲ. ಮರ, ಕಾಗೆ, ಇಲಿ ಎಲ್ಲ ಸಲೀಸು. ಮೀನು, ಸೇಬು, ಜೋಳ ಬಂದರೆ ಸೊಸಿ ಕಂಬ. “ನೋಡು ಸುಮಾ, ಭಾನುವಾರ ಮಕ್ಕಳ ಕನ್ನಡ ಕ್ಲಾಸಲ್ಲಿ ಎಲ್ಲರ ಫೋನಿಗೂ ಹಾಕಿಕೊಡ್ತೀವಿ ಅಂತ ಹೇಳಿಬಿಟ್ಟಿದೀವಿ,” ಎಂದ ಪ್ರಸನ್ನ. “ಆಂಟಿ ರೆಕಾರ್ಡಿಂಗ್ ಎಲ್ಲಾ ತೆಗೆದು ಕಂಪ್ಯೂಟರ್ ವಾಯ್ಸ್ ಹಾಕೋಣ. ಪದಗಳ ಪಟ್ಟಿನೂ ಅದರ ಜೊತೆಗೇ ಸಿಗತ್ತೆ, ತಲೆನೋವೇ ಇಲ್ಲ.” ಅವನು ಕೆಟ್ಟವನಲ್ಲ, ನಿಮ್ಮ ಕೈಯ ಶೇಂಗಾ ಚಟ್ನಿ ತಿಂದು ಬೆರಳು ನೆಕ್ಕಿದವನೇ. ಆದರೂ ನನಗೆ ಸಿಟ್ಟು ನೆತ್ತಿಗೇರಿತು. “ಶನಿವಾರ ಸಂಜೆವರೆಗೂ ಟೈಮ್ ಕೊಡು. ಅಷ್ಟರಲ್ಲಿ ಸರಿ ಮಾಡಕ್ಕಾಗ್ಲಿಲ್ಲ ಅಂದ್ರೆ ಆಂಟಿ ವಾಯ್ಸ್ ತೆಗಿ,” ಎಂದುಬಿಟ್ಟೆ. ಅಂದ ಮೇಲೆ ಅರಿವಾಯಿತು, ನಿಮ್ಮ ದನಿ ಇರುವುದೋ ಹೋಗುವುದೋ ಎನ್ನುವುದನ್ನು ನಾನೇ ಒಂದು ಪರೀಕ್ಷೆಗೆ ಕಟ್ಟಿಹಾಕಿದ್ದೆ.

ದ ಡೊಮೇನ್ ಎಂಬ ಅಂಗಡಿ ಬೀದಿಯ ಹತ್ತಿರದ ನಮ್ಮ ಆಫೀಸಿಗೆ ನೀವು ಬಂದಿದ್ದಾಗ, ಸಾಲು ಸಾಲು ಕೂತ ನಮ್ಮನ್ನೆಲ್ಲ ನೋಡಿ ನನ್ನ ಮ್ಯಾನೇಜರ್ ಎದುರೇ, “ಇಷ್ಟ ಮಂದಿ ಕೂಡಿ ತಪ್ಪ ಹುಡುಕ್ತೀರಿ? ಹಂಗಾರ ಮಾಡಾವ್ರು ಯಾರು?” ಎಂದು ಕೇಳಿದ್ದಿರಿ. ಆತನಿಗೆ ಕನ್ನಡ ಬಾರದ್ದು ನನ್ನ ಪುಣ್ಯ. ಈ ವಾರ ಪೂರ್ತಿ ನಾನು ಹುಡುಕಿದೆ. ಲೈಬ್ರರಿಯನ್ನು ತೆಗೆದು ಮತ್ತೆ ಹಾಕಿದೆ. ಹಳೆಯ ಆವೃತ್ತಿಗೆ ಹೋದೆ, ಅಲ್ಲೂ ಸೊಸಿಯನ್ನು ಬಿಗಿ ಮಾಡಿದ ಕೂಡಲೇ ಅದೇ ಗೋಳು. ಇಂಟರ್ನೆಟ್ಟಿನಲ್ಲಿ ಯಾರೋ ಇದೇ ಪ್ರಶ್ನೆ ಕೇಳಿದ್ದರು, ಕೆಳಗೆ ಇನ್ನೊಬ್ಬರು ‘ನನಗೂ ಇದೇ ತೊಂದರೆ’ ಎಂದು ಬರೆದು ಹೋಗಿದ್ದರು. ಎಂಥ ಉಪಕಾರ! ತಮಾಷೆಯೆಂದರೆ, ಆ್ಯಪ್ ನಿಮ್ಮ ಪಟ್ಟಿಯಿಂದ ತೆಗೆದು ಕೇಳಿದ ಪದ ‘ಮೀನು’, ಉತ್ತರ ಸಿಗಲಿಲ್ಲ ಎಂದು ಪರದೆ ಹೇಳುತ್ತಿತ್ತು. ನಾನು ಸೊಸಿಗೆ ಹೇಳಿಕೊಟ್ಟದ್ದೂ ‘ಮೀನು’. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಕನ್ನಡಕ ಒರೆಸಿ ನೋಡಿದೆ. ಅದೇ ಮೀನು. “ಕಣ್ಣು ಕಾಣಲ್ವೇನೇ ನಿನಗೆ?” ಎಂದು ಲ್ಯಾಪ್‌ಟಾಪಿಗೆ ಕೂಗಿದೆ. ಹೊಸ ಸೊಸೆಗೆ ಅತ್ತೆಯರು ಕೂಗುವುದು ಹೀಗೆಯೇ ಇರಬೇಕು. ನೀವು ಮಾತ್ರ ನನಗೆ ಒಮ್ಮೆಯೂ ಹಾಗೆ ಕೂಗಲಿಲ್ಲ.

ನೀವು ಆ ಪಟ್ಟಿಯನ್ನು ಟೈಪ್ ಮಾಡುತ್ತಿದ್ದಾಗ ಪಕ್ಕದಲ್ಲಿ ಕೂತು ನಾನು ಚಡಪಡಿಸಿದ್ದೆ. ಕಾಲೇಜಿನ ರಜೆಯಲ್ಲಿ ಧಾರವಾಡದಲ್ಲಿ ಕನ್ನಡ ಟೈಪ್‌ರೈಟಿಂಗ್ ಕಲಿತವರು ನೀವು. ಲ್ಯಾಪ್‌ಟಾಪಿಗೂ ಅದೇ ಬಗೆಯ ಕೀಲಿಮಣೆ ಹಾಕಿಸಿಕೊಂಡಿದ್ದಿರಿ, ದೀರ್ಘಕ್ಕೆ ಬೇರೆಯದೇ ಒಂದು ಕೀಲಿ. “ಮ ಗುಡಿಸು ಮಿ,” ಎಂದು ಒತ್ತುವಿರಿ. ತಡೆಯುವಿರಿ. “ಅದಕ್ಕೊಂದು ದೀರ್ಘ, ಮೀ,” ಎಂದು ಮತ್ತೆ ಒತ್ತುವಿರಿ. ನನ್ನ ಫೋನಿನಲ್ಲಿ ‘ಮೀ’ ಒಂದೇ ಅಕ್ಷರವಾಗಿ ಬರುತ್ತದೆ ಎಂದು ನಾನು ಜಂಬ ಕೊಚ್ಚಿದರೆ, “ಮೊದಲ ಗುಡಿಸು, ಆಮ್ಯಾಲೆ ದೀರ್ಘ. ಗಡಿಬಿಡಿ ಮಾಡಿದ್ರ ಹೆಂಗ?” ಅಂದಿರಿ. ಅಲ್ಲಾ, ಇಷ್ಟು ಚೆನ್ನಾಗಿ ನೆನಪಿರುವುದು ನನಗೆ ವಾರವೆಲ್ಲ ಯಾಕೆ ಹೊಳೆಯಲಿಲ್ಲ?

ಇವತ್ತು, ಶನಿವಾರ ಮಧ್ಯಾಹ್ನ, ಸೋತು ಸುಣ್ಣವಾಗಿ, ಸೊಸಿ ತಡವರಿಸಿದ ಪದಗಳನ್ನು ಕೈಗೆ ಸಿಕ್ಕಿದ ಕಾಗದದ ಮೇಲೆ ಪೆನ್ನಿ‌ನಿಂದ ಬರೆಯತೊಡಗಿದೆ. ಮೀನು. ಸೇಬು. ಜೋಳ. ನೀರು ಬರೆಯುವಾಗ ಮೊದಲು ‘ನಿ’ ಬರೆದು, ಆಮೇಲೆ ಬಲಕ್ಕೆ ದೀರ್ಘದ ಕೊಂಡಿ ಎಳೆಯಲು ಹೋದ ಕೈ ಹಾಗೇ ನಿಂತಿತು. ನಿಮ್ಮ ದನಿಯಲ್ಲೇ ಕೇಳಿಸಿತು ಅತ್ಯಾರೇ, ಅದಕ್ಕೊಂದು ದೀರ್ಘ, ಅಂತ. ಸಿಕ್ಕಿಬಿದ್ದ ಪದಗಳಿಗೆಲ್ಲ ಆ ಕೊಂಡಿಯಿದೆ, ಪಾಸಾದ ಒಂದಕ್ಕೂ ಇಲ್ಲ, ‘ಕಾಗೆ’ಯ ಕಾ ಎಳೆದರೂ ಅದಕ್ಕೆ ಈ ಕೊಂಡಿ ಬೇಡ! ಕೋಡಿನ ಒಳಹೊಕ್ಕು ನೋಡಿದರೆ, ನಿಮ್ಮ ‘ಮೀ’ ಎರಡು ತುಂಡು: ಒಂದು ಮಿ, ಅದರ ಹಿಂದೆ ಬೇರೆಯಾಗಿ ಬಂದ ದೀರ್ಘ. ನಾನು ಸೊಸಿಗೆ ಹೇಳಿಕೊಟ್ಟ ‘ಮೀ’ ಒಂದೇ ತುಂಡು. ನಮ್ಮ ಕಣ್ಣಿಗೆ ಕೂದಲೆಳೆಯ ವ್ಯತ್ಯಾಸವಿಲ್ಲ, ಯಂತ್ರಕ್ಕೆ ಅವು ಬೇರೆ ಬೇರೆ ಪದ. ಪಾಪ, ಸೊಸಿಯದೂ ತಪ್ಪಿಲ್ಲ, ಲೈಬ್ರರಿಯದೂ ತಪ್ಪಿಲ್ಲ. ನಿಮ್ಮ ದನಿಯ ಫೈಲುಗಳಿಗೆ ಹೆಸರು ಟೈಪ್ ಮಾಡಿದ್ದೂ ನಾನೇ. ಹಾಗಾಗಿ ನಿಜವಾದ ಫೋನಿನಲ್ಲೂ ಆ ಚಿತ್ರಗಳು ಮೂಕವಾಗಿಯೇ ಇರುತ್ತಿದ್ದವು. ಹಳೆಯ ಸೊಸಿ ತಲೆಯಾಡಿಸಿ ಅದನ್ನು ಮುಚ್ಚಿಟ್ಟಿದ್ದಳು, ಬಿಗಿಯಾದ ಮೇಲೆ ಖರೆ ಹೇಳಿದಳು.

ಪಟ್ಟಿಯನ್ನು ನನ್ನ ಕೀಲಿಮಣೆಯಲ್ಲಿ ಹೊಸದಾಗಿ ಟೈಪ್ ಮಾಡಿದ್ದರೆ ಮುಗಿಯುತ್ತಿತ್ತು. ಮನಸ್ಸು ಬರಲಿಲ್ಲ. ಒಂದೊಂದು ದೀರ್ಘವನ್ನೂ ನೀವು ತಡೆದು ತಡೆದು ಒತ್ತಿದ್ದಿರಿ. ಅದಕ್ಕೇ ಎರಡು ತುಂಡಿನ ‘ಮೀ’ಯೂ ಒಂದು ತುಂಡಿನ ‘ಮೀ’ಯೂ ಒಂದೇ ಎಂದು ಆ್ಯಪ್‌ಗೆ ಹೇಳಿಕೊಟ್ಟೆ, ಒಂದು ಸಾಲಿನ ಕೆಲಸ. ದೀರ್ಘ ಎಂದರೆ ಇನ್ನೇನು, ಸ್ವಲ್ಪ ಹೊತ್ತು ಹೆಚ್ಚು ಎಳೆಯುವುದು. ನಿಮ್ಮ ಆಯಸ್ಸಿಗೂ ಹಾಗೇ ಒಂದನ್ನು... ಇರಲಿ. ಪರೀಕ್ಷೆ ಓಡಿಸಿದೆ. ಮೀನು ಹಸಿರು, ಸೇಬು ಹಸಿರು, ಜೋಳ ಹಸಿರು. ಪ್ರಸನ್ನನಿಗೆ ಫೋನ್ ಮಾಡಿ ಹೇಳಿದರೆ, “ದೀರ್ಘಾನಾ? ಬರೀ ದೀರ್ಘಾನಾ?” ಎಂದು ಬಹಳ ಹೊತ್ತು ನಕ್ಕ. ಆಮೇಲೆ ಮೆತ್ತಗೆ, “ಆಂಟಿ ವಾಯ್ಸೇ ಇರಲಿ ಬಿಡು,” ಅಂದ. ಸೊಸಿ ಪಾಸಾದಳು ಅತ್ಯಾರೇ. ಈ ಮಾತು ನಿಮ್ಮ ಬಾಯಿಂದ ಬರಬೇಕಿತ್ತು.

ಅದಾದ ಮೇಲೆ ನಡೆದದ್ದನ್ನು ಹೇಳುವುದಕ್ಕೇ ಇಷ್ಟೆಲ್ಲ ಬರೆದೆ. ನಿಜವಾದ ಆ್ಯಪ್ ಅನ್ನು ನನ್ನ ಫೋನಿಗೆ ಹಾಕಿಕೊಂಡು ಅಡುಗೆಮನೆಗೆ ಬಂದೆ. ಗಿರೀಶ್ ಬೆನ್ನು ತಿರುಗಿಸಿ ಸಿಂಕಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ದನಿ ಬರುತ್ತದೋ ಇಲ್ಲವೋ ನೋಡುವ ಅವಸರದಲ್ಲಿ, ಅವರು ಅಲ್ಲಿದ್ದಾರೆ ಎನ್ನುವುದನ್ನೂ ಮರೆತು ನೀರಿನ ಚಿತ್ರವನ್ನು ಮುಟ್ಟಿಬಿಟ್ಟೆ. ಫೋನಿನ ವಾಲ್ಯೂಮ್ ಪೂರ್ತಿ ಇತ್ತು.

“ನೀರು. ಕುಡದಿ ಇಲ್ಲೋ?”

ಅವರು ತಿರುಗಲಿಲ್ಲ. ತಲೆಯನ್ನೂ ಎತ್ತಲಿಲ್ಲ. ತಿಕ್ಕುತ್ತಿದ್ದ ಪಾತ್ರೆಯನ್ನು ತಿಕ್ಕುತ್ತಲೇ, “ಕುಡೀತೇನಿ ತಡಿ ಬೇ,” ಅಂದರು.

ಆಮೇಲೆ ಅವರ ಕೈ ನಿಂತಿತು. ನಲ್ಲಿ ಸುರಿಯುತ್ತಲೇ ಇತ್ತು. ನಾನು ಫೋನನ್ನು ಎದೆಗೆ ಒತ್ತಿಕೊಂಡು ನಿಂತೆ. ಅವರು ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಒಂದು ಲೋಟ ತೆಗೆದು ತುಂಬಿಸಿಕೊಂಡರು. ಅಲ್ಲೇ ನಿಂತು ಖಾಲಿಯಾಗುವವರೆಗೂ ಕುಡಿದರು. ಕಣ್ಣು ಒರೆಸಿಕೊಳ್ಳಲೂ ಇಲ್ಲ. ನನ್ನ ಪಕ್ಕಕ್ಕೆ ಬಂದು, “ಇನ್ನೊಮ್ಮೆ ಒತ್ತು,” ಅಂದರು.

ನಾಳೆ ಕ್ಲಾಸಿನಲ್ಲಿ ಮಕ್ಕಳ ಫೋನಿನಿಂದೆಲ್ಲ ನೀವು ಮಾತಾಡುತ್ತೀರಿ. ನಿಮ್ಮ ಮಾತಿನ ಒಂದು ಬಾಲವನ್ನೂ ಕತ್ತರಿಸುವುದಿಲ್ಲ, ಕತ್ತರಿಸಲು ಯಾರಿಗೂ ಬಿಡುವುದೂ ಇಲ್ಲ. ಇಷ್ಟು ವರ್ಷ ನೀವು ಕೇಳಿ ಕೇಳಿ ಸಾಕಾದದ್ದು ಕೊನೆಗೂ ಆಯಿತು, ಅತ್ಯಾರೇ. ನಿಮ್ಮ ಮಗ ನೀರು ಕುಡಿದರು.

ನಿಮ್ಮ,
ಹೇಳಿಕೊಡದನ ಮಾತಾಡೋ ಸೊಸಿ