ಲೆರ್ ವಾನ ಅಮ್ಮ

ಲೆರ್ ವಾ, ಹದಿನಾಲ್ಕು ವರ್ಷದಲ್ಲಿ ಒಂದು ಸಾಲು ಬರೆಯಲಾಗದಷ್ಟು ದೊಡ್ಡ ಕೆಲಸ ನಿನಗೇನಿದೆಯೋ, ಸೋಮಾರಿ? ನಾವೆಲ್ಲ ಊರು ಬಿಟ್ಟು ಓಡಿಬಂದ ದಿನ, ಎಮ್ಮೆ ಹೊಡೆದುಕೊಂಡು ಬರುತ್ತೇನೆಂದು ನದಿ ದಾಟಿ ಹಿಂದಕ್ಕೆ ಹೋದವನು ನೀನು. ವಿಳಾಸವಿಲ್ಲದೆ ಈ ಕಾಗದವೂ ಅಕ್ಕಿ ಡಬ್ಬಿಯೊಳಗೇ ಉಳಿಯುತ್ತದೆ.

ಇವತ್ತು ಜಪಾನಿನ ಕಾಯಂ ವಾಸದ ಅರ್ಜಿಗೆಂದು ಕಚೇರಿಗೆ ಹೋಗಿದ್ದೆವು. ಗುಮಾಸ್ತ ನಿರಾಶ್ರಿತರ ಶಿಬಿರದ ಹಳೆಯ ಚೀಟಿ ನೋಡಿ ತನ್ನ ಭಾಷೆಯಲ್ಲಿ ಏನೋ ಗೊಣಗಿದ. ನಿನ್ನ ಮಗಳು ಫೋ ವಾ ತಿಳಿಸಿದಳು:

"ಅಜ್ಜಿ, 'ಲೆರ್ ವಾನ ಅಮ್ಮ' ಅನ್ನೋದು ಹೆಸರಲ್ವಂತೆ. ಬದಲಾಯಿಸದಿದ್ರೆ ಅರ್ಜಿ ವಾಪಸಂತೆ."

"ಇಡೀ ಊರು ಕರೆದದ್ದು ಇವನಿಗೆ ಹೆಸರಲ್ವಂತಾ? ಇವನ ಅಮ್ಮನ್ನ ಏನಂತ ಕರೀತಾರೆ, ಕೇಳೇ!"

"ಆರು ವರ್ಷ ಕಾದಿದೀವಿ ಅಜ್ಜಿ. ಹಠ ಬೇಡ."

ನೀನು ಹುಟ್ಟಿದ ಮೇಲೆ ಯಾರೂ ಕರೆಯದ ನನ್ನ ಹೆಸರನ್ನು, ನೋ ಥೇ ಫೋ ಎಂದು, ಕೈಯಾರೆ ನಮ್ಮ ಕರೆನ್ ಜನರ ಅಕ್ಷರದಲ್ಲೇ ಬರೆದೆ. ಆದರೆ ಇನ್ನೊಂದು ಹೆಸರಿನ ಖಾನೆಯಲ್ಲಿ 'ಲೆರ್ ವಾನ ಅಮ್ಮ' ಎಂದು ಸೇರಿಸುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಗುಮಾಸ್ತ ತಲೆಬಾಗಿ ಸೇರಿಸಿದ, ಅರ್ಜಿ ತೆಗೆದುಕೊಂಡ. ಆಮೇಲೆ ಕೇಳಿದ, "ಲೆರ್ ವಾ ಈಗ ಎಲ್ಲಿದಾರೆ?"

ಫೋ ವಾ ಅದನ್ನು ನನಗೆ ತಿಳಿಸಿ ನೆಲ ನೋಡಿದಳು. "ಬರ್ತಾನೆ," ಎಂದೆ ನಾನು. ಅವನು ಅದನ್ನೂ ಬರೆದುಕೊಂಡ.

ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ. ಸರ್ಕಾರದ ಮುಂದೆ ಇವತ್ತಿನವರೆಗೆ ನಾನು ಸುಳ್ಳು ಹೇಳಿದವಳಲ್ಲ. ಅಷ್ಟರೊಳಗೆ ಉತ್ತರ ಬರಿ.