ಪೆನಾಲ್ಟಿ ಚುಕ್ಕೆ

ಅಮ್ಮನಿಗೆ,

ನಮ್ಮಲ್ಲೇ ನಡೆದ ಫುಟ್‌ಬಾಲ್ ಕಪ್ ನಮ್ಮ ದೇಶಕ್ಕೇ ಬಂತು ಎನ್ನುವುದನ್ನು ನಾನಿನ್ನೂ ನಂಬಿಲ್ಲ. ಕೊನೆಯ ಪೆನಾಲ್ಟಿ ಬಲೆಗೆ ಬಿದ್ದದ್ದೇ ತಡ, ಜನ ಬೇಲಿ ಹಾರಿದರು. ಮೈದಾನದ ಮಾಲಿಯಾದ ನಾನು ನೀರಿನ ಪೈಪು ಹಿಡಿದು ಕಲ್ಲಿನಂತೆ ನಿಂತುಬಿಟ್ಟೆ. ಮಗುವಿನಂತೆ ಸಾಕಿದ ಹುಲ್ಲನ್ನು ನೆನಪಿಗೆಂದು ಹಿಡಿಹಿಡಿಯಾಗಿ ಕಿತ್ತುಕೊಂಡು ಹೋದರು. ಚೆಂಡಿಟ್ಟು ಒದೆಯುವ ಪೆನಾಲ್ಟಿ ಚುಕ್ಕೆಯಿದ್ದಲ್ಲಿ ಈಗ ಗುಂಡಿಯಿದೆ.

ಇವತ್ತು ಮ್ಯಾನೇಜರ್ ಕ್ಯಾಮೆರಾದಲ್ಲಿ ಸೆರೆಯಾದದ್ದನ್ನು ತೋರಿಸಿದರು. “ಈ ಅಜ್ಜಿ ಯಾರ್ರೀ? ಚಮಚದಲ್ಲಿ ಚುಕ್ಕೇನೇ ಅಗೀತಿದ್ದಾರಲ್ಲ!” ಎಂದರು. ನಾನು ಕಣ್ಣು ಕಿರಿದಾಗಿಸಿ ನೋಡಿದೆ. “ಗೊತ್ತಿಲ್ಲ ಸಾರ್” ಎಂದೆ.

ಅಮ್ಮಾ, ನಾನು ಟಿಕೆಟ್ ಕೊಡಿಸಿದ್ದು ಕೂತು ನೋಡಲಿ ಎಂದು. ಆ ಬೇಲಿ ಹೇಗೆ ಹಾರಿದೆ? ಮಂಡಿನೋವು ಎಲ್ಲಿ ಹೋಯಿತು? ಚಮಚ ಯಾಕೆ ತಂದಿದ್ದೆ?

ಅಗೆದು ತಂದ ಆ ಹುಲ್ಲನ್ನು ಬಾಲ್ಕನಿಯ ಕುಂಡದಲ್ಲಿ ನೆಟ್ಟು, “ನನ್ನ ಮಗ ಬೆಳೆಸಿದ್ದು” ಅಂತ ಬಂದವರಿಗೆಲ್ಲ ತೋರಿಸುತ್ತೀಯಂತೆ. ಅಕ್ಕ ಫೋನಿನಲ್ಲಿ ಹೇಳಿದಳು. “ಆ ಹುಲ್ಲಿನ ಮುಂದೆ ತಾಯಿ ಯಾವ ಲೆಕ್ಕ, ಮನೆ ಕಡೆ ತಲೇನೂ ಹಾಕಲ್ಲ” ಅಂತ ಬೈಯುತ್ತಿದ್ದವಳು ನೀನೇ ಅಲ್ಲವೇ?

ಕುಂಡವನ್ನು ಬಿಸಿಲಿಗಿಡು. ನೀರು ಹದವಾಗಿ ಹಾಕು. ಕತ್ತರಿ ಮಾತ್ರ ಮುಟ್ಟಬೇಡ. ಇನ್ನು ಮೇಲೆ ಪ್ರತಿ ಭಾನುವಾರ ನಾನೇ ಬಂದು ಕತ್ತರಿಸುತ್ತೇನೆ.

ನಿನ್ನ ಸುಳ್ಳುಗಾರ ಮಗ