ತಣ್ಣಗಿದ್ದ ಚಕ್ರ

ಅಪ್ಪಾ,

ನೀನು ತೀರಿಕೊಂಡು ನಾಲ್ಕು ವರ್ಷವಾಯಿತು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ, ಆದರೂ ನಿನಗೆ ಹೇಳಲೇಬೇಕು. ತಪಾಸಣೆಯಲ್ಲಿ ಬ್ರೇಕ್ ಕೆಟ್ಟ ಲಾರಿಯೊಂದನ್ನು ಹಿಡಿದೆನೆಂದು ಇವತ್ತು ನಮ್ಮ ಇಲಾಖೆಯವರು ನನ್ನನ್ನು ವೇದಿಕೆಗೆ ಕರೆದು ಫಲಕ ಕೊಟ್ಟರು.

“ಆ ಲಾರಿ ಕಾಗದಪತ್ರ ಎಲ್ಲ ಸರಿಯಿತ್ತು. ಬ್ರೇಕ್ ಕೆಟ್ಟಿದೆ ಅಂತ ಹೇಗೆ ಗೊತ್ತಾಯ್ತಮ್ಮಾ?” ಎಂದು ದೊಡ್ಡ ಸಾಹೇಬರು ಮೈಕಿನಲ್ಲೇ ಕೇಳಿದರು.

“ಮುಟ್ಟಿ ನೋಡಿದೆ ಸಾರ್. ಇಳಿಜಾರು ಇಳಿದು ಬಂದ ಗಾಡೀಲಿ ಬ್ರೇಕ್ ಹಿಡಿಯೋ ಚಕ್ರ ಬಿಸಿ ಇರುತ್ತೆ. ಆ ಲಾರೀಲಿ ಎರಡು ಚಕ್ರ ತಣ್ಣಗಿದ್ವು.”

“ಯಾರು ಕಲಿಸಿದ್ದು?”

“ತರಬೇತೀಲಿ, ಸಾರ್,” ಎಂದುಬಿಟ್ಟೆ. ಶಾಲೆಯ ಅರ್ಜಿಯಲ್ಲಿ ನಿನ್ನ ಕೆಲಸ ‘ಸಾರಿಗೆ ವ್ಯಾಪಾರ’ ಎಂದು ಬರೆದವಳೂ ನಾನೇ ತಾನೆ.

ಹೊರಗೆ ಸಭೆಯ ಕುರ್ಚಿಗಳನ್ನು ಒಯ್ಯಲು ಲಾರಿಯೊಂದು ಬಂದು ನಿಂತಿತ್ತು. “ಅಂಗೈ ಸುಟ್ಟೀತು ಮಗಳೇ, ಕೈ ತಿರುಗಿಸು,” ಎನ್ನುತ್ತಿದ್ದೆಯಲ್ಲ, ಹಾಗೆಯೇ ಕೈ ತಿರುಗಿಸಿ ಹಿಂಬದಿಯಿಂದ ಅದರ ಚಕ್ರ ಮುಟ್ಟಿದೆ. ಅಭ್ಯಾಸ. ವಯಸ್ಸಾದ ಡ್ರೈವರ್ ನೋಡುತ್ತಲೇ ಇದ್ದ.

“ಹೀಗೆ ಮುಟ್ಟೋರು ನಮ್ಮೋರೇ. ನಿಮ್ಮನೇಲಿ ಯಾರಮ್ಮಾ ಡ್ರೈವರು?”

“ನಮ್ಮಪ್ಪ,” ಎಂದೆ.

ಅಲ್ಲಿ ಮೈಕ್ ಇರಲಿಲ್ಲ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.